ಒಂದು ಕೋಡಿನ ಎಮ್ಮೆಯ ಮನೆಯವಳು

ಮೊನ್ನೆ ಗಜೇಂದ್ರಗಡದ ನನ್ನ ಕಂಪ್ಯೂಟರ್ ತರಗತಿಯಲ್ಲಿ ಒಬ್ಬ ಹುಡುಗಿ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅಂದು ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾತಿನ ತುಣುಕುಗಳನ್ನು ಜೋಡಿಸುವ ಪಾಠ. ವಾಕ್ಯ ಸಿದ್ಧವಿರುತ್ತದೆ, ಹೆಸರಿನ ಜಾಗದಲ್ಲಿ ಡಾಲರ್ ಚಿಹ್ನೆಯ ಗುರುತು ಇಟ್ಟರೆ, ನಾವು ಕೊಟ್ಟ ಹೆಸರು ತಾನೇ ಬಂದು ಕೂರುತ್ತದೆ. ಅವಳು ತಂದೆಯ ಹೆಸರು ಕೊಟ್ಟಿರಲಿಲ್ಲ. ಪರದೆಯ ಮೇಲೆ, ‘ಇವಳು ನಲ್ ಅವರ ಮಗಳು’ ಎಂದು ಬಂದಿತ್ತು. ಏನೂ ಇಲ್ಲದ ಕಡೆ ಕಂಪ್ಯೂಟರ್ ಹಾಕುವ ಪದ ಅದು.

ತರಗತಿ ಗೊಳ್ಳೆಂದು ನಕ್ಕಿತು. ನಾನಂತೂ ಎದ್ದೇ ನಿಂತೆ. ಇಂಥದೇ ವಾಕ್ಯವನ್ನು ನನ್ನ ಬಗ್ಗೆ ರೋಣದ ಸಂತೆಗೆಲ್ಲ ಕೇಳುವಂತೆ ಕೂಗಿದ್ದರು... ಮೈಕ್ ಚಾಚಾ!

ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಅವರದು. ಐದು ವರ್ಷದ ನಾನು ಅವ್ವನದೆಂದು ಇನ್ನಾರದೋ ಸೆರಗು ಹಿಡಿದು ಹೋಗಿದ್ದೆ. ಆ ಹೆಂಗಸೇ ನನ್ನನ್ನು ತಂದು ಅಲ್ಲಿ ಕೂರಿಸಿದಳು. ತಪ್ಪಿಹೋದ ಮಕ್ಕಳಿಗೆಲ್ಲ ಚಾಚಾ ಕೂಗುತ್ತಿದ್ದದ್ದು ಒಂದೇ ವಾಕ್ಯ. ಊರು, ಅಪ್ಪನ ಹೆಸರು ಮಾತ್ರ ಬದಲಾಗುತ್ತಿದ್ದವು.

“ಯಾವೂರವಾ ನಿಂದು?”

“ನಮ್ಮೂರು.”

“ಅಪ್ಪನ ಹೆಸರು?”

“ಅಪ್ಪ.”

ಅದನ್ನೇ ಕೂಗಿಬಿಟ್ಟರು: “ಕೇಳ್ರಿಪಾ ಕೇಳ್ರಿ! ನಮ್ಮೂರಿನ ಅಪ್ಪ ಅವರ ಮಗಳು ಇಲ್ಲೆ ಕುಂತಾಳ!”

ಸಂತೆ ನಕ್ಕಿತು, ಯಾರೂ ಬರಲಿಲ್ಲ. ಅತ್ತ ನಮ್ಮೂರು ಬೆಳವಣಕಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವ್ವ ನನ್ನನ್ನು ಬಿಟ್ಟು ಹೋಗೇಬಿಡುತ್ತಾಳೆಂದು ಅಳತೊಡಗಿದೆ.

ಚಾಚಾ ನನ್ನೆದುರು ಕುಕ್ಕರುಗಾಲಲ್ಲಿ ಕೂತರು. “ಗೊತ್ತಿಲ್ಲದ್ದು ಬಿಡವಾ. ಗೊತ್ತಿದ್ದದ್ದು ಹೇಳು. ಮನ್ಯಾಗ ಏನೇನ್ ಐತಿ?”

ಎಮ್ಮೆ ಇತ್ತು! ಒಂದೇ ಕೋಡು, ಹೆಸರು ಗೌರಿ, ಹಾಲು ಹಿಂಡಲು ಹೋದರೆ ಒದೆಯುತ್ತದೆ... ಅಳು ಮರೆತು ಎಲ್ಲ ಹೇಳಿದೆ. ಚಾಚಾ ಕುಣಿಯುತ್ತ ಮೈಕ್ ಹಿಡಿದರು.

“ಒಂದ ಕೋಡಿನ, ಒದಿಯೂ ಎಮ್ಮಿ ಗೌರಿ ಮನಿ ಮಗಳು ಇಲ್ಲೆ ಕುಂತಾಳ! ಲಗೂ ಬರ್ರಿ!”

ಅವ್ವ ಚಪ್ಪಲಿಯಿಲ್ಲದೆ ಓಡಿ ಬಂದಳು. ಅಪ್ಪಿಕೊಂಡು, ಬೆನ್ನಿಗೊಂದು ಗುದ್ದಿ, “ಎಮ್ಮಿ ಹೆಸರು ಬರತೈತಿ, ಅಪ್ಪಂದು ಬರೂದಿಲ್ಲೇನ?” ಎಂದಳು.

“ನೀವಾದ್ರೂ ಹೇಳ್ರಿ ನೋಡೂಣು,” ಎಂದರು ಚಾಚಾ. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡದ ಅವ್ವ ಸೆರಗು ಕಚ್ಚಿ ನಕ್ಕಳು.

ಹುಡುಗಿಯರಿಗೆ ಇದನ್ನು ಹೇಳಿ, ಹೆಸರಿಲ್ಲದಿದ್ದರೆ ಇದ್ದದ್ದನ್ನೇ ಜೋಡಿಸುವ ಸಾಲು ಬರೆಸಿದೆ. ‘ಇವಳು ಚಲೋ ರೊಟ್ಟಿ ಬಡಿಯುವ ಅಜ್ಜಿಯ ಮೊಮ್ಮಗಳು’ ಎಂದು ಪರದೆಯ ಮೇಲೆ ಮೂಡಿದಾಗ ನಾನೇ ಮೊದಲು ಚಪ್ಪಾಳೆ ಹೊಡೆದೆ. ಓಡಿಹೋಗಿ ಚಾಚಾಗೆ ತೋರಿಸಬೇಕೆನಿಸಿತು. ಅವರು ತೀರಿಕೊಂಡು ಬಹಳ ವರ್ಷಗಳಾದವು...

“ಅವರ ಹೆಸರೇನ್ರಿ, ಮೇಡಂ?” ಎಂದಳು ಹುಡುಗಿ.

ಇಷ್ಟು ವರ್ಷ ರೋಣಕ್ಕೆ ಹೋಗಿ ಬಂದರೂ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ.