ಕೈಗಡಿಯಾರದ ಮುಖ ಬರೆಯುವ ಕೈ

ಬೀದಿ ಇನ್ನೂ ಎದ್ದಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗಿರುವ ಹೆಂಗಸು ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಬಟ್ಟೆ ಇಳಿಬಿಟ್ಟು ಮೇಜಿನ ಮುಂದೆ ಕೂರುತ್ತಾರೆ. ಎದುರಿಗೆ ಕೋಟಿನ ಗುಂಡಿಯಷ್ಟಗಲದ ತಗಡು, ಕೈಗಡಿಯಾರದ ಡಯಲ್. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಬೆರಳೆಣಿಕೆಯ ಕೂದಲುಗಳ ಕುಂಚದಿಂದ ಅದರ ಮೇಲೆ ಏಳರ ಅಂಕಿ ಬರೆಯುತ್ತಾರೆ. ಬರೆದಾದ ಮೇಲೆಯೇ ಉಸಿರು ಬಿಡುವುದು, ಅದೂ ಮುಖ ಪಕ್ಕಕ್ಕೆ ತಿರುಗಿಸಿ.

"ಬೀದಿ ಎದ್ರೆ ಧೂಳೂ ಏಳುತ್ತೆ, ಅದಕ್ಕೇ ಈ ಹೊತ್ತು. ಒಂದು ಕಣ ಕೂತ್ರೂ ಅಂಕಿಗೆ ಬಾಲ ಬಂದ ಹಾಗೆ ಕಾಣುತ್ತೆ" ಎನ್ನುತ್ತಾ, ಕೋಳಿಮರಿ ಮುಚ್ಚುವವರಂತೆ ಡಯಲಿನ ಮೇಲೊಂದು ಬಟ್ಟಲು ಬೋರಲು ಹಾಕುತ್ತಾರೆ.

ಬೀದಿಯವರಿಗೆ ಇವರು ಮುಳ್ಳಕ್ಕ. ಆ ಹೆಸರು ಗಡಿಯಾರದ ಮುಳ್ಳಿನಿಂದ ಬಂತೋ, ಇವರ ಮಾತಿನಿಂದ ಬಂತೋ ಎಂದು ಕೇಳಿದರೆ, "ಎರಡೂ ಅಂತಲೇ ಬರ್ಕೊಳ್ಳಿ" ಎಂದು ನಗುತ್ತಾರೆ. ಮಾಸಿದ, ತುಕ್ಕು ತಿಂದ ಹಳೆಯ ಕೈಗಡಿಯಾರಗಳ ಡಯಲನ್ನು ಮತ್ತೆ ಕೈಯಲ್ಲೇ ಬರೆದುಕೊಡುವುದು ಇವರ ಕಸುಬು. ದಿನಕ್ಕೊಂದು ಡಯಲ್ ಮುಗಿದರೆ ಅದೇ ದೊಡ್ಡದು. ಹುಡುಗಿಯಾಗಿದ್ದಾಗ ಗಡಿಯಾರದ ಕಾರ್ಖಾನೆಯೊಂದರಲ್ಲಿ ಕಲಿತ ವಿದ್ಯೆ. ಕೈಹಿಡಿದವರು ರಿಪೇರಿ ಮಾಡುವವರು. "ಗಡಿಯಾರದ ಹೊಟ್ಟೆಯ ಕಾಯಿಲೆ ಅವರದು, ಮುಖದ ಕಾಯಿಲೆ ನಂದು. ಹಾಗೆ ಸಂಸಾರ ನಡೀತು."

ಗೋಡೆಗೆ ಹೊಡೆದ ಹಲಗೆಯ ಮೇಲೆ ಕೆಲಸಕ್ಕೆ ಬಾರದ ಡಯಲುಗಳನ್ನು ಸಾಲಾಗಿ ಅಂಟಿಸಿದ್ದಾರೆ. ಒಂದೊಂದನ್ನೂ ಮುಟ್ಟಿ ಹೇಳುವಾಗ ಹಳೆಯ ನೆಂಟರ ಪರಿಚಯ ಮಾಡಿಸಿದಂತಿರುತ್ತದೆ. "ಮೊದಮೊದಲು ಗಂಡಸರು ಕೈಗೆ ಕಟ್ಟೋಕೆ ನಾಚ್ಕೋತಿದ್ರಂತೆ. ಜೇಬಲ್ಲಿಟ್ರೆ ಗಡಿಯಾರ, ಕೈಗೆ ಕಟ್ಟಿದ್ರೆ ಬಳೆ ಅಂತ. ಯುದ್ಧಕ್ಕೆ ಹೋದಾಗ ಜೇಬಿಗೆ ಕೈ ಹಾಕೋಕೆ ಪುರುಸೊತ್ತೆಲ್ಲಿ? ಕೊನೆಗೆ ಬಳೆಯೇ ಗತಿ ಆಯ್ತು!" ಕತ್ತಲಲ್ಲೂ ಕಾಣುವ ದಪ್ಪ ಅಂಕಿಗಳು ಆ ಕಾಲದವು. ಆಮೇಲೆ ಯುದ್ಧದ ನೆನಪು ಮರೆಯುವವರಂತೆ ಎಲ್ಲರೂ ತೆಳುವಾದದ್ದನ್ನೇ ಕೇಳಿದರು. ಅಂಕಿ ಹೋಗಿ ಬರೀ ಗೆರೆ ಉಳಿಯಿತು. ಹೆಂಗಸರ ಗಡಿಯಾರವಂತೂ ಸಣ್ಣದಾಗುತ್ತಾ ಆಗುತ್ತಾ ಹೊತ್ತು ನೋಡಲು ಗಂಡನನ್ನು ಕೇಳಬೇಕಾದಷ್ಟು ಸಣ್ಣದಾಯಿತು. ಒಂದಷ್ಟು ಕಾಲ ಚೌಕ, ಒಂದಷ್ಟು ಕಾಲ ನೀಲಿ, ಹಸಿರು.

ಆಮೇಲೆ ಬಂದದ್ದು ಡಯಲೇ ಇಲ್ಲದ ಗಡಿಯಾರ. ಗಾಜಿನ ಹಿಂದೆ ಅಂಕಿಗಳು ತಾವಾಗಿಯೇ ಮೂಡುತ್ತಿದ್ದವು. ಕಾರ್ಖಾನೆಯ ಡಯಲ್ ವಿಭಾಗ ಮುಚ್ಚಿತು. "ಮುಳ್ಳೇ ಇಲ್ಲ, ಮುಖವೇ ಇಲ್ಲ. ಬರೆಯೋದಾದ್ರೂ ಎಲ್ಲಿ?" ಮುಳ್ಳಕ್ಕ ವರ್ಷಗಟ್ಟಲೆ ಅಂಗಿಗಳಿಗೆ ಕಾಜ ಹೊಲಿದರು. ಕುಂಚವನ್ನು ಮಾತ್ರ ಬಿಸಾಡಲಿಲ್ಲ. ಈಗ ಹೊತ್ತು ನೋಡಲು ಮೊಬೈಲಿದೆ, ಕೈಗಡಿಯಾರ ಯಾರಿಗೂ ಬೇಡ. ಅಚ್ಚರಿಯೆಂದರೆ, ಹಾಗಾದ ಮೇಲೆಯೇ ಅದರ ಮುಖ ಬೇಕಾಗಿದೆ. ಮೊಮ್ಮಕ್ಕಳು ತಾತನ ಪೆಟ್ಟಿಗೆ ಕೆದಕಿ ಹಳೆಯದನ್ನು ಹುಡುಕಿ ತರುತ್ತಾರೆ.

ಕೆಲಸ ಹೀಗೆ ಮತ್ತೆ ಕುದುರುತ್ತಿದ್ದಾಗಲೇ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಇಬ್ಬರೂ ಸೇರಿ ನಡೆಸುತ್ತಿದ್ದ ಅಂಗಡಿ. ಗಡಿಯಾರ ಬಿಚ್ಚಿಕೊಡುವವರಿಲ್ಲದೆ ಡಯಲ್ ಮೇಜಿಗೆ ಬರುವುದಾದರೂ ಹೇಗೆ? "ಮನೇಲಿದ್ರೆ ಗೋಡೆ ನೋಡ್ಕೊಂಡು ಕೂತಿರೋರು. ಅದಕ್ಕೇ ಅಂಗಡಿಗೆ ಕರ್ಕೊಂಡು ಬರ್ತಿದ್ದೆ. ಇಲ್ಲೂ ಗೋಡೆಯನ್ನೇ ನೋಡೋರು."

ಅಂಥ ದಿನಗಳಲ್ಲೇ ಒಬ್ಬ ನರ್ಸ್ ತೀರಿಹೋದ ತಂದೆಯ ಗಡಿಯಾರ ತಂದಳು. ನೀರು ಹೊಕ್ಕು ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಬೇರೆ ಅಂಗಡಿಗಳಲ್ಲಿ ಸಿದ್ಧ ಡಯಲ್ ಕೂರಿಸಿಕೊಡುತ್ತೇವೆ ಎಂದಿದ್ದರಂತೆ. "ಅಮ್ಮನಿಗೆ ಬೇರೆ ಮುಖ ಬೇಡ್ವಂತೆ ಆಂಟಿ" ಎಂದಳಂತೆ ಆ ಹುಡುಗಿ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಗಂಡ ಬಿಚ್ಚುವುದನ್ನು ಅಷ್ಟು ವರ್ಷ ನೋಡಿದ್ದ ಧೈರ್ಯದ ಮೇಲೆ ಮುಳ್ಳಕ್ಕ ತಾವೇ ಚಿಮಟ ಹಿಡಿದರು. ನಿಮಿಷದ ಮುಳ್ಳು ಬಿಗಿದು ಕೂತಿತ್ತು. ಸಿಟ್ಟು ಬಂದು ಮೀಟಲು ಹೊರಟಾಗ ಬೆನ್ನ ಹಿಂದಿನಿಂದ ಒಂದು ದನಿ ಬಂತು:

"ಮೆಲ್ಲಗೆ!"

ಕಾಯಿಲೆ ಬಿದ್ದ ಮೇಲೆ ಗಂಡನ ಬಾಯಿಂದ ಬಂದ ಮೊದಲ ಮಾತು ಅದು. "ಪ್ರೀತಿಯ ಮಾತಾಡ್ತಾರೇನೋ ಅಂತ ಕಾಯ್ತಿದ್ದೆ ಕಣ್ರೀ. ಬೈಗುಳ ಬಂತು. ಅವರನ್ನ ಹಿಡ್ಕೊಂಡು ಅತ್ತುಬಿಟ್ಟೆ" ಎನ್ನುವಾಗ ಮುಳ್ಳಕ್ಕನ ಕಣ್ಣು ಈಗಲೂ ತುಂಬುತ್ತದೆ. ಅಂದು ಮುಳ್ಳಕ್ಕ ಗಂಡ ಕೂತಿದ್ದ ಕುರ್ಚಿಯನ್ನು ಗೋಡೆಯಿಂದ ತಿರುಗಿಸಿ ಮೇಜಿನ ಪಕ್ಕಕ್ಕೆಳೆದರು. ಗಂಡ ಎಡಗೈ ಬೆರಳಿನಿಂದ ತೋರಿಸಿದಂತೆ ಒಂದೊಂದೇ ಸ್ಕ್ರೂ ಸಡಿಲಿಸಿದರು.

ಹೊರಬಂದ ಡಯಲನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ, ಅಂಕಿಗಳಿದ್ದ ಜಾಗದಲ್ಲಿ ತೆಳ್ಳನೆಯ ನೆರಳು ಉಳಿದಿರುವುದು ಕಂಡಿತು. ಆ ನೆರಳನ್ನೇ ಹಿಡಿದು ಒಂದೊಂದಾಗಿ ಬರೆದರು. ಮೂಲದಲ್ಲಿ ನಾಲ್ಕು ತುಸು ವಾಲಿತ್ತು, ವಾಲಿಸಿಯೇ ಬರೆದರು.

ಗಡಿಯಾರ ಒಯ್ಯಲು ತಾಯಿಯೇ ಮಗಳ ಜೊತೆ ಬಂದರು. ತುಂಬಾ ಹೊತ್ತು ನೋಡಿ, ತಮ್ಮ ಕೈಗೇ ಕಟ್ಟಿಕೊಂಡರು. ಅದು ಜಾರಿ ಮೊಣಕೈಗೆ ಹೋಯಿತು. ಪಟ್ಟಿಗೆ ಇನ್ನೊಂದು ತೂತು ಹಾಕಿಕೊಡಲೇ ಎಂದು ಮುಳ್ಳಕ್ಕ ಕೇಳಿದರು. "ಬೇಡಮ್ಮ, ಅವರ ಕೈಯ ಅಳತೆ ಹಾಗೇ ಇರ್ಲಿ" ಎಂದರಂತೆ ಆ ತಾಯಿ.

ಈಗ ಅಂಗಡಿಯಲ್ಲಿ ಹೊಟ್ಟೆ, ಮುಖ ಎಂಬ ಪಾಲುಗಳಿಲ್ಲ. ಗಂಡ ಹೇಳುತ್ತಾರೆ, ಹೆಂಡತಿ ಮಾಡುತ್ತಾರೆ. ಮಾತು ತಡೆತಡೆದು ಬರುತ್ತದೆ, ಬೈಗುಳ ಮಾತ್ರ ಸರಾಗ. ಬಿಸಿಲು ಮೇಲೇರುತ್ತಿದ್ದಂತೆ ಕುಂಚ ತೊಳೆದಿಟ್ಟು ಇಬ್ಬರೂ ಒಂದೇ ಲೋಟದ ಚಹಾ ಹಂಚಿಕೊಳ್ಳುತ್ತಾರೆ.

ಇನ್ನೇನು ಆಸೆ ಎಂದು ಕೇಳುತ್ತೇನೆ. ಮುಳ್ಳಕ್ಕ ನಾಚುತ್ತಾರೆ. "ಇಷ್ಟು ವರ್ಷವೂ ಬೇರೆಯವರು ಬರೆದದ್ದನ್ನೇ ತಿದ್ದಿದ್ದೀನಿ. ಒಂದೇ ಒಂದು ಡಯಲ್ ನನ್ನ ಮನಸ್ಸಿಗೆ ಬಂದ ಹಾಗೆ ಬರೀಬೇಕು. ಬಣ್ಣ, ಗೆರೆ, ಎಲ್ಲ ನಂದೇ. ಬರೆದು ಇವರ ಎಡಗೈಗೆ ಕಟ್ಟಬೇಕು."

ಕುರ್ಚಿಯಲ್ಲಿದ್ದವರು ತಲೆ ಎತ್ತುತ್ತಾರೆ. ತುಟಿ ಕೂಡಿಸಲು ಹೊತ್ತು ಹಿಡಿಯುತ್ತದೆ. "ಅಂಕಿ... ದೊಡ್ಡದಾಗಿ... ಬರಿ."

"ನೋಡಿದ್ರಾ," ಎನ್ನುತ್ತಾರೆ ಮುಳ್ಳಕ್ಕ, ಸೆರಗಿನಿಂದ ಗಂಡನ ಗಲ್ಲ ಒರೆಸುತ್ತಾ. "ಇನ್ನೂ ಕುಂಚ ಅದ್ದಿಲ್ಲ, ಆಗ್ಲೇ ಗಿರಾಕಿ ತಕರಾರು!"