ಚಾಚಾ ನರಿಯಾದ ಭಾನುವಾರ

ಆ ಭಾನುವಾರ "ನಾಟಕ ಆಡ್ತಿದಾರೆ" ಎಂಬ ಮಾತು ಮೊದಲು ಯಾರ ಬಾಯಿಂದ ಬಂತು ಎಂಬುದು ನನ್ನ ಮತ್ತು ನನ್ನ ಗೆಳೆಯನ ನಡುವೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಅವನು ಹೇಳಿದ ಎಂದು ನನ್ನ ನೆನಪು. ನಾನು ಹೇಳಿದೆ ಎಂದು ಅವನ ನೆನಪು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವಾಗ ನಮಗೆ ಕಲಿಸಿದ್ದರು: ಅಳತೆ ತೆಗೆದ ಕೂಡಲೇ ಬರೆದಿಡದಿದ್ದರೆ ಆ ಅಳತೆಯೇ ಇಲ್ಲವೆಂದು ತಿಳಿಯಬೇಕು. ಅಂದು ನಾನು ಏನನ್ನೂ ಬರೆದಿಡಲಿಲ್ಲ.

ನಾವು ಹವ್ಯಾಸಿ ರೇಡಿಯೊದವರು. ಪರೀಕ್ಷೆ ಬರೆದು, ಪೊಲೀಸರು ಮನೆಗೆ ಬಂದು ವಿಚಾರಿಸಿ ಹೋದ ಮೇಲೆ ಲೈಸೆನ್ಸ್ ಪಡೆದು, ಕೈಯಲ್ಲಿ ಹಿಡಿಯುವ ಸೆಟ್ಟುಗಳಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಮಾತಾಡುವವರು. ಎರಡು ಸಾವಿರದ ಇಸವಿ ದಾಟಿ ಎಲ್ಲರ ಜೇಬಿಗೂ ಮೊಬೈಲ್ ಬಂದಿತ್ತು. "ಮೊಬೈಲ್ ಇದ್ದೂ ಇದ್ಯಾಕ್ರೀ?" ಎಂದು ಕೇಳದ ನೆಂಟರಿರಲಿಲ್ಲ. ಅದಕ್ಕೆ ಉತ್ತರ ಚಾಚಾ ಹತ್ತಿರ ಇತ್ತು: "ಅದ್ರಲ್ಲಿ ಗೊತ್ತಿರೋರ್ ಜೊತೆ ಮಾತಾಡ್ತೀಯ. ಇದ್ರಲ್ಲಿ ಗೊತ್ತಿಲ್ದೋರೂ ಸಿಕ್ತಾರೆ, ಬೇಟಾ."

ಚಾಚಾ ಶಿವಾಜಿನಗರದಲ್ಲಿ ರೇಡಿಯೊ ಬಿಡಿಭಾಗಗಳ ಅಂಗಡಿ ಇಟ್ಟಿದ್ದವರು. ಅರವತ್ತು ದಾಟಿತ್ತು. ತೊಂಬತ್ತರ ದಶಕದಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ಆ ಅಂಗಡಿಯ ಹಿಂಬದಿಯ ಬೆಂಚಿನ ಮೇಲೆ ಕೂರಿಸಿ ನನಗೆ ಬೆಸುಗೆ ಹಾಕಲು, ಮೋರ್ಸ್ ಸಂಕೇತ ಬಡಿಯಲು ಕಲಿಸಿದವರು ಅವರೇ. ಯಾವುದನ್ನೂ ಒಂದೇ ಸಲಕ್ಕೆ ಒಪ್ಪದ ನನ್ನ ಸ್ವಭಾವ ಕಂಡು "ಸೈಂಟಿಸ್ಟ್ ಸಾಬ್" ಎಂದು ಕಿಚಾಯಿಸುತ್ತಿದ್ದರು.

ಎರಡು ಮೂರು ತಿಂಗಳಿಗೊಮ್ಮೆ ನಾವು ನರಿಬೇಟೆ ಆಡುತ್ತಿದ್ದೆವು. ಒಬ್ಬರು ನರಿ. ನರಿ ತನ್ನ ಸೆಟ್ಟಿನೊಂದಿಗೆ ಎಲ್ಲಾದರೂ ಅಡಗಿ, ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಬಟನ್ ಒತ್ತಿ ಸಿಗ್ನಲ್ ಕೊಡಬೇಕು. ಉಳಿದವರು ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ತಿರುಗಿಸುತ್ತ, ಸಿಗ್ನಲ್ ಯಾವ ದಿಕ್ಕಿನಿಂದ ಜೋರಾಗಿದೆ ಎಂದು ನೋಡುತ್ತ ಅದನ್ನು ಹುಡುಕಬೇಕು. ನರಿ ಎಲ್ಲಿ ಹೋಗುತ್ತದೆ ಎಂಬುದನ್ನು ಹೆಂಡತಿಗೂ ಹೇಳುವಂತಿಲ್ಲ. ಮೊಬೈಲ್‌ಗಳು ಆಫ್ ಆಗಿರಬೇಕು; ನರಿ ಮಾತ್ರ ತನ್ನದನ್ನು ಆನ್ ಇಟ್ಟುಕೊಳ್ಳಬಹುದು, ಆಟ ಮುಗಿದ ಮೇಲೆ ನಾವು ಕರೆಯಲು. ಬಟನ್ ಒತ್ತಿ ಬೆರಳು ನೋಯುತ್ತದೆಂದು ನರಿಯಾದವರು ಅದರ ಮೇಲೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದರು, ನಿಮಿಷ ಮುಗಿದ ಮೇಲೆ ಕಳಚುತ್ತಿದ್ದರು.

ಚಾಚಾ ನರಿಯಾದರೆ ಆಟಕ್ಕೆ ಕಳೆ. ಹಿಂದಿನ ಸಲ ಬಾಣಸವಾಡಿಯಲ್ಲಿ ಅಡಗಿ, ಟೇಪ್‌ರೆಕಾರ್ಡರಿನಲ್ಲಿ ವಿಮಾನದ ಸದ್ದು ಹಾಕಿ, ನಮ್ಮನ್ನೆಲ್ಲ ವಿಮಾನ ನಿಲ್ದಾಣದ ಸುತ್ತ ಎರಡು ಗಂಟೆ ಅಲೆಸಿದ್ದರು.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜೀವನ್ ಬಿಮಾ ನಗರದ ಮೈದಾನದಿಂದ ನಾಲ್ಕು ಜೋಡಿ ಹೊರಟೆವು. ಗೆಳೆಯ ವಿಮಾ ಕಚೇರಿಯ ಗುಮಾಸ್ತ, ಅಲ್ಲಿಯವನೇ. ಸ್ಕೂಟರ್ ಅವನದು. ಹಿಂದೆ ಕೂತು ಒಂದು ಕೈಯಲ್ಲಿ ಆಂಟೆನಾ, ಇನ್ನೊಂದು ಕೈಯಲ್ಲಿ ಕಿವಿಗೊತ್ತಿದ ಸೆಟ್ಟು ಹಿಡಿದವನು ನಾನು.

ಮೊದಲ ಸಿಗ್ನಲ್ ಜೋರಾಗಿಯೇ ಬಂತು. ಪೂರ್ವಕ್ಕೆ, ಕೆ.ಆರ್. ಪುರದ ಕಡೆ. ಸಿಗ್ನಲ್ಲಿನ ಬಲ ತೋರಿಸುವ ಮೀಟರಿನ ಮುಳ್ಳು ಏಳರ ಮೇಲಿತ್ತು. ನರಿ ಎಲ್ಲೋ ಎತ್ತರದಲ್ಲಿದೆ ಎಂದು ಲೆಕ್ಕ ಹಾಕಿದೆ. ಒಂದು ನಿಮಿಷ ಇನ್ನೇನು ಮುಗಿಯಬೇಕು, ಮುಳ್ಳು ಒಮ್ಮೆಗೇ ಮೂರಕ್ಕೆ ಬಿತ್ತು. ಧೊಪ್ಪೆಂದು ಒಂದು ಸದ್ದು, ಕಬ್ಬಿಣ ಉರುಳಿದ ಸದ್ದು. ಸಿಗ್ನಲ್ ಮಾತ್ರ ನಿಲ್ಲಲಿಲ್ಲ.

ಮುಳ್ಳು ಯಾಕೆ ಬಿತ್ತು ಎಂಬುದಕ್ಕೆ ನನ್ನ ಬಳಿ ತಕ್ಷಣ ವಿವರಣೆ ಸಿದ್ಧವಿತ್ತು. ನಡುವೆ ಲಾರಿಯೋ ಕಟ್ಟಡವೋ ಅಡ್ಡ ಬಂದಿರಬೇಕು. ಎತ್ತರದಲ್ಲಿದ್ದ ಸೆಟ್ಟು ನೆಲಕ್ಕೆ ಬಿದ್ದರೂ ಮುಳ್ಳು ಹಾಗೆಯೇ ಬೀಳುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಹೊಳೆಯಲಿಲ್ಲ.

"ಮಗಾ, ಸಿಗ್ನಲ್ ನಿಲ್ತಾನೇ ಇಲ್ಲ," ಎಂದೆ.

"ರಬ್ಬರ್ ಬ್ಯಾಂಡ್ ತೆಗಿಯೋದ್ ಮರೆತಿದಾರೆ ಗುರು. ನಮಗೇ ಒಳ್ಳೇದಾಯ್ತು, ಹಿಡಿ ಹಿಡಿ!"

ನಿಜವಾಗಿ ನಮಗೆ ಒಳ್ಳೆಯದೇ ಆಗಿತ್ತು. ಐದು ನಿಮಿಷ ಕಾಯಬೇಕಾಗಿರಲಿಲ್ಲ. ಹಳೇ ಮದ್ರಾಸು ರಸ್ತೆಯಲ್ಲಿ ನಗುತ್ತ ಹೋದೆವು. ಸ್ಕೂಟರಿನ ಗಲಾಟೆಯ ನಡುವೆ ಕಿವಿಯಲ್ಲಿ ನರಳಿದ ಹಾಗೆ ಏನೋ ಕೇಳಿಸಿತು. ಆಮೇಲೆ "ಯಾ ಅಲ್ಲಾ" ಎಂದ ಹಾಗೆ. ಆಮೇಲೆ ಕೆಲವು ಮಾತು. ಆಗಲೇ ಯಾರೋ ಒಬ್ಬರು "ನಾಟಕ ಆಡ್ತಿದಾರೆ" ಅಂದದ್ದು. ಹೋದ ಸಲದ ವಿಮಾನದ ಸದ್ದು ನೆನಪಾಗಿ ಇಬ್ಬರೂ ನಕ್ಕೆವು.

ಎಷ್ಟು ದೂರ ನಗುತ್ತ ಹೋದೆವು? ನನ್ನ ನೆನಪಿನಲ್ಲಿ ಎರಡೇ ನಿಮಿಷ. ಆದರೆ ಸ್ಕೂಟರ್ ನಿಲ್ಲಿಸಿದ್ದು ಕೆ.ಆರ್. ಪುರದ ಸೇತುವೆ ದಾಟಿದ ಮೇಲೆ. ಅಷ್ಟು ದೂರಕ್ಕೆ ಕಾಲು ಗಂಟೆಗಿಂತ ಕಡಿಮೆ ಹಿಡಿಯುವುದಿಲ್ಲ.

ನಿಲ್ಲಿಸಿ ಇಂಜಿನ್ ಆಫ್ ಮಾಡಿದಾಗ ಸೆಟ್ಟಿನಲ್ಲಿ ಉಸಿರಾಟ ಕೇಳಿಸಿತು. ಎಳೆದು, ಬಿಟ್ಟು, ಮತ್ತೆ ಎಳೆದು. ಮಾತಿರಲಿಲ್ಲ. ಗೆಳೆಯ ಸೆಟ್ಟನ್ನು ಕೈಗೆ ತೆಗೆದುಕೊಂಡ. ಅವನ ಮುಖದಲ್ಲಿನ ನಗು ಹೋಯಿತು.

"ಇದು ನಾಟಕ ಅಲ್ಲ ಕಣೋ. ಫೋನ್ ಹಾಕು."

"ರೂಲ್ಸು..."

"ಹಾಳಾಗೋಗ್ಲಿ ರೂಲ್ಸು, ಹಾಕು ಅಂದ್ರೆ!"

ನನ್ನ ಮೊಬೈಲ್ ಆನ್ ಆಗಲು ಹಿಡಿದಷ್ಟು ಹೊತ್ತು ಇನ್ಯಾವುದಕ್ಕೂ ಹಿಡಿದಿಲ್ಲ. ಚಾಚಾ ನಂಬರು ಒತ್ತಿದೆ. ಮೊದಲು ಗೆಳೆಯನ ಕೈಯಲ್ಲಿದ್ದ ಸೆಟ್ಟಿನೊಳಗೆ ಟರ್ ಟಟ್ಟರ್ ಎಂಬ ಸದ್ದು, ಮೊಬೈಲಿಗೆ ಕರೆ ಬರುವ ಮುನ್ನ ಪಕ್ಕದ ರೇಡಿಯೊ ಮಾಡುವಂಥದ್ದು. ಹಿಂದೆಯೇ ಚಾಚಾ ಮೊಬೈಲಿನ ರಿಂಗು, ಆ ಸೆಟ್ಟಿನೊಳಗಿಂದಲೇ. ರಿಂಗಾಯಿತು, ರಿಂಗಾಯಿತು, ನಿಂತಿತು. ಅದು ನಿಂತ ಮೇಲೆ ಮತ್ತೆ ಅದೇ ಉಸಿರು. ಫೋನು ಬಳಿಯಲ್ಲೇ ಇದೆ, ಮನುಷ್ಯ ಇದ್ದಾನೆ, ಎತ್ತುತ್ತಿಲ್ಲ.

ಅವರ ಸೆಟ್ಟು ಬಟನ್ ಒತ್ತಿದ ಸ್ಥಿತಿಯಲ್ಲೇ ಇತ್ತು. ಹಾಗಿರುವಾಗ ಅದು ಹೇಳುತ್ತದೆ ಅಷ್ಟೆ, ಕೇಳಿಸಿಕೊಳ್ಳುವುದಿಲ್ಲ. "ಬರ್ತಿದೀವಿ ಚಾಚಾ" ಎಂದು ನಾವು ಎಷ್ಟು ಕೂಗಿದರೂ ಅವರಿಗೆ ಮುಟ್ಟುತ್ತಿರಲಿಲ್ಲ. ಉಳಿದ ಮೂರು ಜೋಡಿಗಳ ಮೊಬೈಲೂ ಆಫ್ ಆಗಿತ್ತು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಬ್ಯಾಟರಿ. ಬಿಟ್ಟೂ ಬಿಡದೆ ಪ್ರಸಾರ ಮಾಡಿದರೆ ಆ ಸೆಟ್ಟು ಮುಕ್ಕಾಲು ಗಂಟೆ ಬಂದರೆ ಹೆಚ್ಚು. ಅದರಲ್ಲಿ ಕಾಲು ಗಂಟೆಗೂ ಹೆಚ್ಚನ್ನು ನಾವಾಗಲೇ ನಗುತ್ತ ಕಳೆದಿದ್ದೆವು. ಸಿಗ್ನಲ್ ಸತ್ತರೆ ಚಾಚಾ ಎಲ್ಲಿದ್ದಾರೆ ಎಂದು ಹೇಳುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಗರುಡಾಚಾರ್‌ಪಾಳ್ಯದ ಕಡೆ ಮುಳ್ಳು ಏರಿತು. ಅಲ್ಲಿ ಸಾಲಾಗಿ ಕಾರ್ಖಾನೆ ಶೆಡ್ಡುಗಳು, ಭಾನುವಾರವಾದ್ದರಿಂದ ಎಲ್ಲಕ್ಕೂ ಬೀಗ. ಬೀದಿಯಲ್ಲಿ ನಾಯಿ ಬಿಟ್ಟರೆ ಜೀವವಿಲ್ಲ. ಎರಡನೆಯ ತಿರುವಿನಲ್ಲಿ ಮುಳ್ಳು ಪೂರ್ತಿ ತುದಿಗೆ ಹೋಯಿತು, ಯಾವ ಕಡೆ ತಿರುಗಿದರೂ ತುದಿಯಲ್ಲೇ. ಅಷ್ಟು ಹತ್ತಿರ ಬಂದಿದ್ದೆವು. ಸಿಗ್ನಲ್ ತಗ್ಗಿದರೆ ದಿಕ್ಕು ತಿಳಿದೀತು, ಆಂಟೆನಾ ಕಳಚಿ ನೋಡೋಣವೆಂದು ತಿರುಪು ಬಿಚ್ಚುತ್ತಿದ್ದೆ, ಸೆಟ್ಟು ಮೌನವಾಯಿತು. ನಾನೇ ಏನೋ ಕೆಡಿಸಿದೆ ಎಂದುಕೊಂಡೆ. ಅಲ್ಲ. ಅವರ ಬ್ಯಾಟರಿ ಮುಗಿದಿತ್ತು.

"ಮುಗೀತು," ಎಂದೆ. ಆ ಪದಕ್ಕೆ ನಾನೇ ಬೆಚ್ಚಿದೆ.

"ಬಾಯಿ ಮುಚ್ಕೊಂಡು ಫೋನ್ ಹಾಕ್ತಾನೇ ಇರು," ಎಂದು ಗೆಳೆಯ ಗೋಡೆಗಳ ಪಕ್ಕ ಓಡಿದ. ನಾನು ಕರೆ ಮಾಡುವುದು, ಅವನು ಒಂದೊಂದು ಕಾಂಪೌಂಡಿಗೂ ಕಿವಿ ಕೊಡುವುದು. ರಿಂಗು ನಿಂತಾಗ ಮತ್ತೆ ಕರೆ. ಐದನೆಯದೋ ಆರನೆಯದೋ ಕರೆಗೆ, ಒಂದು ಗೋಡೆಯಾಚೆ ರಿಂಗು ಕೇಳಿ, ಅವನು ಎರಡೂ ಕೈ ಎತ್ತಿದ.

ಗೋಡೆ ಹಾರಿದೆವು. ಮುಚ್ಚಿಹೋದ ಯಾವುದೋ ಕಾರ್ಖಾನೆಯ ಹಿತ್ತಲು, ಎತ್ತರದ ಹಳೆಯ ನೀರಿನ ಟ್ಯಾಂಕು. ಅದರ ಕಬ್ಬಿಣದ ಏಣಿ ತುಕ್ಕು ಹಿಡಿದು ಕಿತ್ತು ಬಂದಿತ್ತು. ಅದರಡಿ ಚಾಚಾ ಬಿದ್ದಿದ್ದರು. ಬಲಗಾಲು ಇರಬಾರದ ರೀತಿಯಲ್ಲಿ ತಿರುಗಿತ್ತು, ಪೈಜಾಮ ರಕ್ತದಲ್ಲಿ ನೆಂದಿತ್ತು. ಸೆಟ್ಟು ಮತ್ತು ಫೋನಿದ್ದ ಚೀಲ ಅವರ ಕೈಗೆಟುಕದಂತೆ ಎರಡು ಮಾರು ಆಚೆ ಬಿದ್ದಿತ್ತು. ಕಣ್ಣು ತೆರೆದೇ ಇತ್ತು.

"ಯಾರ್ ಗೆದ್ರು?" ಎಂದರು.

ಅವರನ್ನು ಸಾಗಿಸಿದ ಟೆಂಪೊ, ಅದನ್ನು ತಂದವರು, ದಾರಿ, ಇವು ಯಾವುವೂ ನನಗೆ ಕ್ರಮವಾಗಿ ನೆನಪಿಲ್ಲ. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ನೆನಪಿದೆ. ಆಸ್ಪತ್ರೆಗೆ ಬಂದ ಚಾಚಿ, ಗಂಡನ ಮೇಲಿನ ಕೋಪವನ್ನೂ ನಮ್ಮ ಮೇಲೆ ಹಾಕಿದರು: "ಗಡ್ಡ ಬೆಳ್ಳಗಾಯ್ತು ಇವರಿಗೆ, ನೀವೂ ಓದಿದೋರು. ದೊಡ್ಡವರಾಗಿ ಕಣ್ಣಾಮುಚ್ಚಾಲೆ ಆಡ್ತೀರಾ?"

ಒಂದೂವರೆ ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಚಾಚಾ ಕೆಳಗಿನ ಕೋಣೆಯ ಮಂಚದ ಮೇಲಿದ್ದರು, ಕಾಲಿಗೆ ಪ್ಲಾಸ್ಟರು. ಚಹಾ ಬಂತು, ಚಾಚಿ ಹೋದರು.

"ಬೇಟಾ, ಒಂದ್ ಮಾತು. ನಾನು ಕೂಗ್ದೆ. 'ಆಟ ಬಂದ್, ಏಣಿ ಬಿತ್ತು, ಕಾರ್ಖಾನೆ ಟ್ಯಾಂಕು' ಅಂತ. ಐದಾರ್ ಸಲ ಕೂಗ್ದೆ. ಸೈಂಟಿಸ್ಟ್ ಸಾಬ್ ಅಂತಾನೂ ಕೂಗ್ದೆ. ಕೇಳಿಸ್ಲಿಲ್ವಾ?"

"ಇಲ್ಲ ಚಾಚಾ. ಗಾಡಿ ಸದ್ದು."

"ಅಚ್ಛಾ." ಚಹಾದ ಲೋಟ ಕೆಳಗಿಟ್ಟರು. "ಹಾಗಾದ್ರೆ ಬಿದ್ದಾಗ ಮೈಕ್ ಕೆಟ್ಟಿರ್ಬೇಕು. ನೋಡಿಬಿಡೋಣ. ನಿನ್ ಸೆಟ್ಟು ತಗೊಂಡು ಟೆರೇಸ್‌ಗೆ ಹೋಗು."

ಅವರಿಗೆ ಅನುಮಾನ ಬಂದಿತ್ತೋ, ಕೆಟ್ಟ ಸೆಟ್ಟು ಕಂಡರೆ ಸುಮ್ಮನಿರಲಾರದ ಹಳೆಯ ಅಭ್ಯಾಸವೋ ತಿಳಿಯದು. ಮೆಟ್ಟಿಲು ಹತ್ತುವಾಗ ನಾನು ಮೈಕ್ ಕೆಟ್ಟಿರಲಿ ಎಂದು ಬಯಸುತ್ತಿದ್ದೆ. ಆ ಮೈಕಿನಲ್ಲಿ ಉಸಿರು ಕೇಳಿದ್ದೆ, ರಿಂಗು ಕೇಳಿದ್ದೆ, ಆದರೂ ಬಯಸುತ್ತಿದ್ದೆ. ಸಾಕ್ಷಿ ಎದುರಿಗಿದ್ದೂ ನಂಬದಿರುವುದು ಎಷ್ಟು ಸುಲಭ ಎಂದು ನನಗೆ ಅವತ್ತೇ ತಿಳಿದದ್ದು. ಅಷ್ಟು ಹೊತ್ತಿಗೆ ಇನ್ನೊಂದೂ ಹೊಳೆದಿತ್ತು. ಆ ದಾರಿಯುದ್ದಕ್ಕೂ ಸೆಟ್ಟು ಇದ್ದದ್ದು ನನ್ನ ಕಿವಿಯ ಬಳಿ. ಸ್ಕೂಟರ್ ಓಡಿಸುತ್ತಿದ್ದ ಗೆಳೆಯನಿಗೆ ಏನೂ ಕೇಳಿಸುವಂತಿರಲಿಲ್ಲ. ಕೇಳಿಸದ್ದನ್ನು ನಾಟಕ ಎಂದು ಅವನು ಹೇಗೆ ಹೇಳಿಯಾನು?

ಟೆರೇಸಿನಲ್ಲಿ ಒಗೆದ ಬಟ್ಟೆಗಳ ನಡುವೆ ನಿಂತು ಸೆಟ್ಟು ಆನ್ ಮಾಡಿದೆ. ಕೆಳಗೆ ಅವರು ತಮ್ಮದನ್ನು ಎರಡು ಮಾರು ಆಚೆ ನೆಲದ ಮೇಲೆ ಇರಿಸಿ ಬಟನ್ ಒತ್ತಿ ಹಿಡಿಯಲು ಚಾಚಿಗೆ ಹೇಳುತ್ತಿದ್ದದ್ದು ಕೇಳಿಸಿತು. ಆಮೇಲೆ, ಅಂದಿನ ಹಾಗೇ, ಸೋತ ದನಿಯಲ್ಲಿ: "ಆಟ ಬಂದ್. ಏಣಿ ಬಿತ್ತು. ಕಾರ್ಖಾನೆ ಟ್ಯಾಂಕು." ಒಂದೊಂದು ಅಕ್ಷರವೂ ಸ್ಪಷ್ಟ. ಮೂರೂ ಮಾತು ನಾನು ಹಿಂದೆ ಕೇಳಿದ್ದವು. ಅಥವಾ ಕೆಳಗೆ ಅವರು ಈಗ ತಾನೇ ಹೇಳಿದ್ದರಿಂದ ಹಿಂದೆ ಕೇಳಿದಂತೆ ಅನಿಸಿತೋ. ಆ ಕ್ಷಣದಲ್ಲಿ ಆ ವ್ಯತ್ಯಾಸ ನನಗೆ ನೆಪದ ಹಾಗೆ ಕಂಡಿತು.

"ಕೇಳಿಸ್ತಾ? ಈಗ ನೀನು ಹೇಳು," ಎಂದರು. ಚಾಚಿ ಬಟನ್ ಬಿಟ್ಟಿರಬೇಕು, ಸಿಗ್ನಲ್ ನಿಂತಿತು.

ನಾನು ಬಟನ್ ಒತ್ತಿದೆ. "ಕೇಳಿಸ್ತು ಚಾಚಾ. ಅವತ್ತೂ ಕೇಳಿಸಿತ್ತು," ಎಂದೆ.

ಬೆರಳು ತೆಗೆದರೆ ಅವರ ಉತ್ತರ ಬರುತ್ತದೆ. ತೆಗೆಯಲಾಗಲಿಲ್ಲ. ಒತ್ತಿಕೊಂಡೇ ನಿಂತೆ. ಕೊನೆಗೆ ರೇಡಿಯೊದಲ್ಲಿ ಅಲ್ಲ, ಮೆಟ್ಟಿಲುಗಳ ಮೂಲಕವೇ ಅವರ ದನಿ ಮೇಲೆ ಬಂತು.

"ಬೆರಳು ತೆಗಿ ಬೇಟಾ! ನಾನೂ ಮಾತಾಡ್ಬೇಕು!"