ಮಂಗಳವಾರದ ಹೊಟ್ಟೆನೋವು

ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿದ್ದ ಆಕೆಯನ್ನು ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ಎರಡು ಹಾಸಿಗೆ, ಒಂದು ತೂಕದ ಯಂತ್ರ, ಮಾತ್ರೆಗಳ ಗಾಜಿನ ಬೀರು, ಇಷ್ಟೇ ಅವರ ರಾಜ್ಯ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಎರಡನೇ ವರ್ಷದ ಹುಡುಗಿಯೊಬ್ಬಳು ಪ್ರತಿ ಮಂಗಳವಾರ ಬೆಳಿಗ್ಗೆ ಹೊಟ್ಟೆನೋವೆಂದು ಬರತೊಡಗಿದಳು. ಜ್ವರವಿಲ್ಲ, ವಾಂತಿಯಿಲ್ಲ, ಅಂಗೈ ಮಾತ್ರ ಒದ್ದೆ. ಸಿಸ್ಟರ್ ಗ್ಯಾಸಿನ ಮಾತ್ರೆ ಕೊಟ್ಟು, ಕಿಟಕಿ ಪಕ್ಕದ ಹಾಸಿಗೆ ತೋರಿಸುತ್ತಿದ್ದರು. ಹತ್ತು ನಿಮಿಷ ಮಲಗಿ ಎದ್ದು ಹೋಗುತ್ತಿದ್ದಳು. ಮಂಗಳವಾರ ಅವಳ ತರಗತಿಯಲ್ಲಿ ಎಲ್ಲರೆದುರು ನಿಂತು ಮಾತಾಡಬೇಕಂತೆ ಎಂದು ಯಾರೋ ಹೇಳಿದಾಗ ಸಿಸ್ಟರಿಗೆ ನಗು ಬಂತು. ಓಹೋ, ನೆಪ.

ಒಂಬತ್ತನೇ ವಾರ ಬೆಂಚಿನ ತುಂಬಾ ಜನ. ಹುಡುಗಿ ಬಾಗಿಲಲ್ಲಿ ಕಾಣಿಸಿದಳು.

"ಬಂತು ನೋಡಿ, ನಮ್ಮ ಮಂಗಳವಾರದ ಹೊಟ್ಟೆನೋವು. ಬುಧವಾರ ತಾನಾಗೇ ವಾಸಿಯಾಗುತ್ತೆ" ಎಂದರು ಸಿಸ್ಟರ್.

ಬೆಂಚೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ಮಾತ್ರೆ ತೆಗೆದುಕೊಂಡು, ಮಲಗದೆ ಹೊರಟುಹೋದಳು.

ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಕಳ್ಳನೋವು ಬಿಟ್ಟಿತು ಅಂತ ಸಿಸ್ಟರ್ ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಒಂದೂವರೆ ತಿಂಗಳ ಮೇಲೆ ಅವಳ ತಾಯಿ ಬಂದರು. ಹಾಜರಾತಿ ಕಡಿಮೆಯಾಗಿತ್ತು, ವೈದ್ಯಕೀಯ ಪತ್ರ ಬೇಕಿತ್ತು. "ಕೋಣೆ ಬಿಟ್ಟು ಹೊರಗೇ ಬರ್ತಿಲ್ಲಮ್ಮ. ಕ್ಲಾಸು ಅಂದ್ರೆ ಸಾಕು, ನಡುಗ್ತಾಳೆ. ನಿಮ್ಮ ಹತ್ರ ಬರ್ತಿದ್ಲಂತಲ್ಲ, ಏನಂತ ಹೇಳ್ತಿದ್ಲು?"

ಸಿಸ್ಟರ್ ರಿಜಿಸ್ಟರ್ ತೆರೆದರು. ಒಂಬತ್ತು ಸಲವೂ ಅವರದೇ ಅಕ್ಷರ: ಗ್ಯಾಸ್.

"ಅವಳೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ." ಆವತ್ತು ಎಲ್ಲರೆದುರು ತಾವು ಆಡಿದ ಮಾತನ್ನು ಮಾತ್ರ ತಾಯಿಗೆ ಹೇಳಲಿಲ್ಲ.

ಭಾನುವಾರ ಸಿಸ್ಟರ್ ಹುಡುಗಿಯ ಮನೆಗೆ ಹೋದರು. ಹುಡುಗಿ ಮಂಚದ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು.

"ಆವತ್ತು ಎಲ್ಲರ ಮುಂದೆ ಹಾಗಂದದ್ದು ತಪ್ಪಾಯ್ತು, ಮಗಳೇ."

ಅವಳು ತಲೆಯೆತ್ತಿದಳು. "ಮಾತ್ರೆ ನಾನು ನುಂಗ್ತಾನೇ ಇರ್ಲಿಲ್ಲ ಸಿಸ್ಟರ್. ಅಲ್ಲಿ ಸ್ವಲ್ಪ ಮಲಗಿದ್ರೆ ಕ್ಲಾಸಿಗೆ ಹೋಗೋ ಧೈರ್ಯ ಬರ್ತಿತ್ತು. ಆವತ್ತಿನ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ."

ಅವಳು ಬೈದುಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಸಿಸ್ಟರಿಗೆ.

ಮನೋವೈದ್ಯರ ಬಳಿಗೆ ಸಿಸ್ಟರೇ ನಾಲ್ಕು ಸಲ ಜೊತೆಗೆ ಹೋದರು. ನಾಲ್ಕನೇ ಸಲ, ಹುಡುಗಿ ಒಳಗಿದ್ದಾಗ, ನಡೆದದ್ದನ್ನೆಲ್ಲ ತಾಯಿಗೆ ಹೇಳಿದರು. ತಾಯಿ ಬೈಯಲಿಲ್ಲ. "ಮುಂದಿನ ಸಲದಿಂದ ನಾವೇ ಬರ್ತೀವಿ" ಎಂದರು, ಅಷ್ಟೇ.

ಹುಡುಗಿ ಒಂದು ವರ್ಷ ಕಳೆದುಕೊಂಡು ಮರಳಿ ಓದಲು ಬಂದಳು. ಸಿಸ್ಟರ್ ಈಗ ಬಂದವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಬಾಗಿಲು ಮುಚ್ಚಿ, ನಿದ್ದೆ ಬರುತ್ತಾ ಅಂತ ಕೇಳುತ್ತಾರೆ. ಆ ಹುಡುಗಿ ಚಿಕಿತ್ಸಾಲಯದ ಮುಂದೆಯೇ ಹಾದುಹೋಗುತ್ತಾಳೆ. ಕಂಡರೆ ಕೈಯೆತ್ತುತ್ತಾಳೆ, ಒಳಗೆ ಬರುವುದಿಲ್ಲ. ಸಿಸ್ಟರ್ ಕರೆಯುವುದೂ ಇಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ ಅನ್ನಿಸುತ್ತದೆ ಅವರಿಗೆ.